ಕೆಂಪು ಗುರುತಿನ ಕಾಯಿಗಳು

ಏಳು ಗಂಟೆ ಐದು ನಿಮಿಷ, ಪಡಸಾಲೆಯ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಶುರುವಾಗಿದೆ, ಇಂದಿನ ಕ್ರಮ ಹೀಗೆ: ಮೊದಲು ಅಟ್ಟದ ತೆಂಗಿನಕಾಯಿ ಇಳಿಯುವುದು, ಅನಂತರ ಸ್ನಾನ, ಅನಂತರ ವಿಭೂತಿ, ಅನಂತರ ಜಟಕಾ, ಅನಂತರ ಬೆಂಗಳೂರಿನ ರೈಲುಗಾಡಿ, ಸಂಜೆಗೆ ನರ್ಸಿಂಗ್ ಹೋಮಿನ ಹಾಸಿಗೆ, ನಾಳೆ ಬೆಳಿಗ್ಗೆ ನನ್ನ ಮೂಗು, ಎರಡನೆಯ ಸಲ — ಧಡ್ — ಅಟ್ಟದ ಕಿಂಡಿಯಿಂದ ಕಾಯಿಯೊಂದು ಅಂಗಳಕ್ಕೆ ಬಿತ್ತು, ಅದರ ಬೆನ್ನಿಗೇ ಇನ್ನೊಂದು, ಒಣಮಟ್ಟೆಯ ಧೂಳು ಎಳೆಬಿಸಿಲಿನಲ್ಲಿ ಎದ್ದು ಮೆಲ್ಲಗೆ ಇಳಿಯುತ್ತಿದೆ, ನಾನು ಕೋಣೆಯ ಕಿಟಕಿಯಲ್ಲಿ ನಿಂತಿದ್ದೇನೆ, ಗಾಜಿನ ಆಚೆ ಕಾಯಿಯ ರಾಶಿ ಬೆಳೆಯುತ್ತಿದೆ, ಗಾಜಿನ ಮೇಲೆ ನನ್ನ ಮುಖ ತೆಳ್ಳಗೆ ತೇಲುತ್ತಿದೆ, ಕಣ್ಣೆರಡೂ ಸರಿ, ತುಟಿ ಸರಿ, ನಡುವಿನದು ಬಲಕ್ಕೆ ವಾಲಿದೆ. ಹೋದ ವರ್ಷದ ತನಕ ಅದು ಎಡಕ್ಕೆ ವಾಲಿತ್ತು, ಶಸ್ತ್ರಚಿಕಿತ್ಸೆಯಾದ ಮೇಲೆ ಬಲಕ್ಕೆ. ಗಾಜು ಹಳೆಯದು, ಮೈಯಲ್ಲಿ ಅಲೆಯಿದೆ, ಆದ್ದರಿಂದ ಇದನ್ನು ಪ್ರಮಾಣವೆಂದು ತೆಗೆದುಕೊಳ್ಳುವಂತಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ, ಹೇಳಿಕೊಂಡ ಮರುಕ್ಷಣವೇ ತಲೆಯನ್ನು ಸ್ವಲ್ಪ ಸರಿಸಿ ಅಲೆಯಿಲ್ಲದ ಜಾಗ ಹುಡುಕುತ್ತೇನೆ, ಅಲ್ಲಿಯೂ ವಾಲಿದೆ — ಧಡ್ — ಅಟ್ಟದ ಕತ್ತಲೆಯಿಂದ ಕೆಂಚಪ್ಪನ ದನಿ, ನಾನು ಹುಟ್ಟುವ ಮೊದಲಿನಿಂದ ನಮ್ಮ ತೋಟದಲ್ಲಿ ದುಡಿಯುತ್ತಿರುವ ಕೆಂಚಪ್ಪ, ಚಿಕ್ಕಯಜಮಾನ್ರೇ, ನಿಮ್ಮ ಕೆಂಪು ಬಣ್ಣದವ್ನ ಈಗ್ಲೇ ಬುಡ್ಲಾ, ಕಡೀಕೆ ಬುಡ್ಲಾ, ಕಡೆಗೆ ಬಿಡು ಎಂದೆ, ಬೇರೆ ಸಾಲಿನ ಜೊತೆ ಕಲೆಸಬೇಡ ಎಂದೆ, ನನ್ನ ದನಿ ಮೂಗಿನಿಂದಲೇ ಹೊರಟ ಹಾಗೆ ಕೇಳಿಸಿತು, ಕಲೆಸ್ತೀನಾ, ಅವು ಮೂಗು ಚುಚ್ಚುಸ್ಕೊಂಡಿರೋ ಹೆಣ್ಮಕ್ಕಳು, ಬ್ಯಾರೇನೇ ಕೂರುಸ್ತೀನಿ ಎಂದು ಅವನು ನಕ್ಕ, ಕೆಳಗೆ ಅಪ್ಪನೂ ನಕ್ಕರು, ನಾನು ನಗಲಿಲ್ಲ, ಏಕೆಂದರೆ ಕೆಂಪು ಕಾಯಿ ಎಂದೊಡನೆ ನನಗೆ ಕಾಣಿಸುವುದು ಒಂದೇ: ಕಾಯಿಯ ಮೂರು ಕಣ್ಣುಗಳಲ್ಲಿ ಮೆತ್ತನೆಯ ಆ ಒಂದು, ಅದರಲ್ಲಿ ದಬ್ಬಳದಷ್ಟು ಸಣ್ಣ ತೂತು, ತೂತಿನ ಅಂಚಿನಲ್ಲಿ ಒದ್ದೆ.

ಮನೆಯಲ್ಲಿ ಈಗ ಕನ್ನಡಿ ಒಂದೇ, ಬಚ್ಚಲ ಗೋಡೆಯದು, ಉಳಿದವನ್ನು ಅಮ್ಮ ಯುಗಾದಿಯ ಹಿಂದಿನ ವಾರ ಸುಣ್ಣ ಬಳಿಯುವ ನೆಪದಲ್ಲಿ ಇಳಿಸಿದಳು, ಮತ್ತೆ ಏರಿಸಲಿಲ್ಲ, ಅಮ್ಮ ಸುವರ್ಣಮ್ಮ ನೇರವಾಗಿ ಏನನ್ನೂ ಹೇಳುವವಳಲ್ಲ, ವಸ್ತುಗಳ ಜಾಗ ಬದಲಿಸುತ್ತಾಳೆ, ಅಷ್ಟೆ, ಆದರೆ ಹೊಳೆಯುವುದೆಲ್ಲ ಕನ್ನಡಿಯೇ, ಹಂಡೆಯ ನೀರು ಕನ್ನಡಿ, ಸ್ಟೀಲಿನ ತಟ್ಟೆಯ ತಳ ಕನ್ನಡಿ, ಎದುರಿಗಿರುವವರ ಕಣ್ಣಂತೂ ಕನ್ನಡಿಯೇ. ಮುಖವನ್ನು ಅಳೆಯುವುದಕ್ಕೆ ಒಂದು ಆಧಾರರೇಖೆ ಬೇಕು, ಮುಖದಲ್ಲಿ ಯಾವುದೂ ಸರಳರೇಖೆಯಲ್ಲ, ಹೀಗಾಗಿ ನಾನು ವಿಭೂತಿಯನ್ನು ಆರಿಸಿಕೊಂಡೆ, ಹಣೆಯ ಮೇಲೆ ಮೂರು ಬೆರಳು ಅಡ್ಡಡ್ಡ ಎಳೆದರೆ ಮೂರು ಸಮಾಂತರ ರೇಖೆ, ಮೂಗು ಅವುಗಳಿಗೆ ಲಂಬವಾಗಿರಬೇಕು, ಇಲ್ಲ, ಎಂದೂ ಇರಲಿಲ್ಲ, ಲೋ ತೋಂಟ, ವಿಭೂತಿ ಸೊಟ್ಟಗೆ ಬಳ್ಕೊಂಡು ಮೂಗು ಸೊಟ್ಟ ಅಂತೀಯಲ್ಲೋ, ಗೆರೆ ನೆಟ್ಟಗೆ ಎಳಿ, ಮೂಗು ತಾನಾಗೇ ನೆಟ್ಟಗಾಯ್ತದೆ — ಇದು ಅಕ್ಕ ಗಿರಿಜಾಂಬಿಕಾ, ಬಾಣಂತನಕ್ಕೆಂದು ತುರುವೇಕೆರೆಯಿಂದ ಬಂದು ಇನ್ನೂ ಇಲ್ಲಿಯೇ ಇರುವವಳು, ಅವಳು ತಮಾಷೆಗೆ ಹೇಳಿದ್ದು, ನಾನು ಅಡಿಪಟ್ಟಿ ಹಿಡಿದು ವಿಭೂತಿ ಎಳೆದುಕೊಂಡೆ, ತೋಂಟದಾರ್ಯ ಬಿ.ಎಸ್ಸಿ., ಹಣೆಗೆ ಅಡಿಪಟ್ಟಿ, ಆಗಲೂ ಮೂಗು ಲಂಬವಾಗಲಿಲ್ಲ, ಅಕ್ಕಾ, ನಿಜ ಹೇಳು ಎಂದರೆ ಹೇಳಿದ್ನಲ್ಲೋ ನೆಟ್ಟಗಿದೆ ಅಂತ, ಬೆಳಗಿಂದ ಇದೇ ಆಗೋಯ್ತು, ಮಗೂಗೆ ಹಾಲು ಕುಡಿಸ್ಲಾ, ನಿನ್ನ ಮೂಗು ಕಾಯ್ಲಾ, ಅವಳ ಮಾತಿನಿಂದ ಎದೆ ಹಗುರವಾಗುತ್ತದೆ, ಹಗುರವಾದದ್ದು ಹೊಸ್ತಿಲ ತನಕ ಉಳಿಯುತ್ತದೆ, ಹೊಸ್ತಿಲು ದಾಟುವಾಗ ಅವಳು ಕರುಣೆಯಿಂದ ಹಾಗೆಂದಳೇ ಎಂಬ ಸಂದೇಹ ಬಂದು ತಿರುಗಿ ಒಳಗೆ ಬರುತ್ತೇನೆ. ಮೊನ್ನೆ ಅವಳ ಮಗು ನನ್ನ ಮೂಗನ್ನು ಮುಷ್ಟಿಯಲ್ಲಿ ಹಿಡಿದು ಬೊಚ್ಚುಬಾಯಿ ತೆರೆದು ನಕ್ಕಿತು, ಎಷ್ಟು ಬೆಚ್ಚಗಿತ್ತು ಆ ಕೈ, ನಾನು ಮಗುವನ್ನು ಚಾಪೆಯ ಮೇಲೆ ಇಟ್ಟು ಬಚ್ಚಲಿಗೆ ಓಡಿದೆ, ಜಾಗ ಬಿಟ್ಟು ಸರಿದಿದೆಯೇ ಎಂದು ನೋಡುವುದಕ್ಕೆ, ಹಿಂದೆ ಮಗು ಅಳುತ್ತಿತ್ತು. ಮತ್ತು ಲಿಂಗಪೂಜೆ, ಅಂಗೈಯ ಮೇಲೆ ಇಷ್ಟಲಿಂಗವಿಟ್ಟು ರೆಪ್ಪೆ ಮಿಟುಕಿಸದೆ ದೃಷ್ಟಿ ನಿಲ್ಲಿಸಿದರೆ ಅದರ ಕರಿಯ ಹೊಳಪಿನಲ್ಲಿ ದೀಪ ಒಂದು ಚುಕ್ಕಿಯಾಗುತ್ತದೆ, ಆ ಚುಕ್ಕಿಯನ್ನೇ ನೋಡಬೇಕು, ಒಂದು ಬೆಳಿಗ್ಗೆ ಚುಕ್ಕಿಯ ಪಕ್ಕದಲ್ಲಿ ನನ್ನ ಮುಖ ಕಂಡಿತು, ಪೀನದರ್ಪಣದಲ್ಲಿ ಯಾರ ಮೂಗಾದರೂ ಮುಂದಕ್ಕೆ ಉಬ್ಬಿ ತೋರುತ್ತದೆ, ಆ ನಿಯಮವನ್ನು ನಾನೇ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದೇನೆ, ಆದರೂ ಅಂದಿನಿಂದ ಕಣ್ಣು ತೆರೆದು ಮಾಡಬೇಕಾದ ಪೂಜೆಯನ್ನು ಕಣ್ಣು ಮುಚ್ಚಿ ಮಾಡುತ್ತಿದ್ದೇನೆ, ಅಮ್ಮನಿಗೆ ಗೊತ್ತು, ಅಮ್ಮ ದೀಪವನ್ನು ಸ್ವಲ್ಪ ದೂರಕ್ಕೆ ಸರಿಸಿ ಇಟ್ಟಿದ್ದಾಳೆ.

ಬೋರ್ಡು, ಹೌದು, ಬೋರ್ಡಿನಿಂದಲೇ ಕೆಲಸ ಹೋದದ್ದು, ತಿಪಟೂರಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್, ಬರೆಯಬೇಕಾದರೆ ಪಕ್ಕಕ್ಕೆ ತಿರುಗಬೇಕು, ಪಕ್ಕಕ್ಕೆ ತಿರುಗಿದರೆ ಮೂಗಿನ ಗೆರೆ ಇಡೀ ತರಗತಿಗೆ ಕಾಣುತ್ತದೆ, ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಯಾವುದಕ್ಕೆ ನಕ್ಕರೋ, ನಾನು ಮಕ್ಕಳಿಗೆ ಮುಖ ಕೊಟ್ಟುಕೊಂಡು ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ ಬರೆಯುವುದನ್ನು ರೂಢಿಸಿಕೊಂಡೆ, ಸೂತ್ರಗಳು ಇಳಿಜಾರಾಗಿ ಬಂದವು, ಆಮೇಲೆ ರಜೆ ಹಾಕಿದೆ, ಆಮೇಲೆ ಹೋಗಲೇ ಇಲ್ಲ. ಮೊದಲನೆಯ ಸಲ ಬೆಂಗಳೂರಿಗೆ ಹೋಗುವಾಗ ಮೂಗು ಸರಿಯಾದರೆ ಕಾಲೇಜಿಗೆ ಮರಳುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದೆ, ಅಪ್ಪ ವೀರಭದ್ರಯ್ಯ, ಮಂಡಿಯಲ್ಲಿ ಕೊಬ್ಬರಿ ಚೀಲದ ಬಾಯಿ ಬಿಚ್ಚಿದರೆ ಸಾಕು, ವಾಸನೆಯಲ್ಲೇ ಸರಕಿನ ಗುಣ ಹೇಳುವವರು, ನನ್ನನ್ನು ಬಹಳ ಹೊತ್ತು ನೋಡಿ, ಅದು ನಮ್ಮಪ್ಪನ ಮೂಗು ಕಣಯ್ಯ, ಗಿಣಿಮೂಗು, ಅದನ್ನ ನೋಡಿ ದೂರದಿಂದ್ಲೇ ವೀರಭದ್ರಯ್ಯನ ಮಗ ಬಂದ ಅಂತಾರೆ, ಇನ್ಮೇಲೆ ಯಾರ ಮಗ ಅಂತ ಕೇಳ್ಬೇಕಾಯ್ತದೆ, ಎಂದು ಹೇಳಿ, ಹೇಳಿದ ಮೇಲೆ ತಾವೇ ಪೆಟ್ಟಿಗೆ ಹೊತ್ತು ಗಾಡಿ ಹತ್ತಿಸಿದ್ದರು. ಮೂಗಿನ ಪಟ್ಟಿ ಬಿಚ್ಚಬಾರದು, ನಾನೇ ಬಿಚ್ಚುವ ತನಕ ಮುಟ್ಟಬಾರದು ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು, ಆಸ್ಪತ್ರೆಯ ಬಚ್ಚಲಿನಲ್ಲಿ ನಾನು ಪಟ್ಟಿಯ ಒಂದು ಮೂಲೆಯನ್ನು ಉಗುರಿನಿಂದ ಎತ್ತಿ ನೋಡಿದೆ, ಊದಿದ ನೀಲಿ ಚರ್ಮ, ಹೊಲಿಗೆ, ಹೊಲಿಗೆಯ ಅಂಚಿನಲ್ಲಿ ಒದ್ದೆ, ಮತ್ತೆ ಅಂಟಿಸಿದೆ, ಮತ್ತೆ ಎತ್ತಿದೆ. ಪಟ್ಟಿ ಬಿಚ್ಚಿದ ದಿನ ಡಾಕ್ಟರಿಗೆ ಸಂತೋಷವಾಗಿತ್ತು, ನರ್ಸಮ್ಮನಿಗೆ ಸಂತೋಷವಾಗಿತ್ತು, ಅಪ್ಪ ಕೂಡ ಹೂಂ, ಚೆನ್ನಾಗೈತೆ ಬುಡು ಎಂದರು, ನನಗೆ ಮಾತ್ರ ಅದು ಬಲಕ್ಕೆ ಕಂಡಿತು, ಹಿಂದಿನ ಫೋಟೋ, ಈಗಿನ ಫೋಟೋ ಪಕ್ಕಪಕ್ಕ ಇಟ್ಟು ಡಾಕ್ಟರು ನೆಟ್ಟಗಿದೆ ನೋಡಿ ಎಂದರು, ಕನ್ನಡಿಯಲ್ಲಿ ಕಂಡದ್ದರ ಎಡ ಬಲ ಫೋಟೋದಲ್ಲಿ ತಿರುಗುಮುರುಗಾಗುವುದನ್ನು ನಾನು ಅವರಿಗೆ ವಿವರಿಸಿದೆ, ಅವರು ಪೂರ್ತಿ ಕೇಳಿಸಿಕೊಂಡು ಇನ್ನೊಮ್ಮೆ ನಾನು ಕತ್ತಿ ಮುಟ್ಟುವುದಿಲ್ಲ, ನೀವು ಮನಸ್ಸಿನ ಡಾಕ್ಟರನ್ನು ನೋಡಬೇಕು ಎಂದರು.

ಮನಸ್ಸಿನ ಡಾಕ್ಟರು ವಯಸ್ಸಾದವರು, ಮೈಸೂರಿನ ಕಡೆಯ ಮೆತ್ತನೆಯ ಮಾತು, ಅವರ ಮೇಜಿನ ಮೇಲೆ ಗಾಜು ಹಾಸಿತ್ತು, ನಾನು ಅದರೊಳಗೆ ನೋಡುತ್ತಿದ್ದದ್ದನ್ನು ಕಂಡು ಅವರು ಸದ್ದಿಲ್ಲದೆ ಅದರ ಮೇಲೆ ಒಂದು ಪತ್ರಿಕೆ ಹರಡಿದರು, ಅಮ್ಮನ ಹಾಗೆ. ಮೂಗಿಗೆ ಮುಂಚೆ ಏನಿತ್ತಪ್ಪಾ ಎಂದರು. ನನಗೆ ಪ್ರಶ್ನೆ ಇಷ್ಟವಾಯಿತು, ಅನುಕ್ರಮವಾಗಿ ಉತ್ತರಿಸಬಹುದಾದ ಪ್ರಶ್ನೆ, ಮೂಗಿಗೆ ಮುಂಚೆ ಕಿವಿ, ಕಿವಿಗೆ ಮುಂಚೆ ಹಣೆಯ ಕೂದಲು, ಅದಕ್ಕೂ ಮುಂಚೆ, ಹೈಸ್ಕೂಲಿನಲ್ಲಿ, ಗದ್ದದ ಮೇಲಿನ ಒಂದು ಮಚ್ಚೆ, ಆ ಮಚ್ಚೆ ಈಗ ಎಲ್ಲಿದೆ ಎಂದರು, ಇಲ್ಲೇ ಇದೆ ಎಂದೆ, ಈಗ ಅದು ನಿಮಗೇನೂ ಮಾಡೋದಿಲ್ವಾ, ಇಲ್ಲ, ಹಾಗಾದರೆ ಮೂಗು ಸರಿಹೋದ ಮೇಲೆ ಮುಂದಿಂದು ಯಾವುದಿರಬಹುದು ಅನ್ಸುತ್ತೆ — ಅಲ್ಲಿಗೆ ನನಗೆ ಕೋಪ ಬಂತು. ನಿಮಗೆ ಕಾಣ್ತಿರೋದು ಸುಳ್ಳು ಅಂತ ನಾನು ಹೇಳೋದಿಲ್ಲ ಕಣಪ್ಪ, ನಿಮಗಾಗ್ತಿರೋ ಸಂಕಟ ನಿಜ, ನಿಮ್ಮಂಥೋರು ಬಹಳ ಜನ ಮೊದಲು ಮುಖ ಕುಯ್ಯೋರ ಹತ್ರ ಹೋಗಿ ಕೊನೆಗೆ ನನ್ನ ಹತ್ರ ಬರ್ತಾರೆ, ಆ ಸಂಕಟ ಕತ್ತಿಗೆ ಸಿಗೋ ಜಾಗದಲ್ಲಿಲ್ಲ, ಮಾತ್ರೆ ಇದೆ, ಮಾತಿದೆ, ಯಾವ ಸೋಮವಾರನಾದ್ರೂ ಬನ್ನಿ ಎಂದರು. ನಾನು ಹೋಗಲಿಲ್ಲ. ಹುಚ್ಚರ ಡಾಕ್ಟರ ಹತ್ತಿರ ಹೋಗಿ ಬಂದ ಎಂದು ಒಮ್ಮೆ ಮಂಡಿಯಲ್ಲಿ ಮಾತಾದರೆ ಸಾಕು, ಮೂಗು ನೆಟ್ಟಗಿದ್ದೂ ಪ್ರಯೋಜನವಿಲ್ಲ, ಹೀಗಾಗಿ ಇನ್ನೊಬ್ಬ ಡಾಕ್ಟರನ್ನು ಹುಡುಕಿದೆ, ಅವರು ಮುಂಚೆ ಏನಿತ್ತೆಂದು ಕೇಳಲಿಲ್ಲ, ಮುಖವನ್ನು ಎರಡು ಬೆರಳಿನಲ್ಲಿ ಆ ಕಡೆ ಈ ಕಡೆ ತಿರುಗಿಸಿ, ಮಾಡೋಣ, ಬನ್ನಿ ಎಂದರು, ಆ ಬನ್ನಿ ಇವತ್ತಿನದು. ಅಪ್ಪ ಈ ಸಲ ಪೆಟ್ಟಿಗೆಯನ್ನು ಮುಟ್ಟಿಲ್ಲ, ಅಮ್ಮ ನಿನ್ನೆಯಿಂದ ಆ ಪೆಟ್ಟಿಗೆಯ ಜಾಗವನ್ನು ಎರಡು ಸಲ ಬದಲಿಸಿದ್ದಾಳೆ.

ಧಡ್ ಧಡ್, ಈಗ ಹೋಲಿಕೆಯ ಸಾಲು ಇಳಿಯುತ್ತಿದೆ, ಬಣ್ಣವಿಲ್ಲದ್ದು, ನಾನು ಕೋಣೆ ಬಿಟ್ಟು ಅಂಗಳಕ್ಕೆ ಬಂದಿದ್ದೇನೆ, ಏಕೆಂದರೆ ಇದು ನನ್ನ ಪ್ರಯೋಗ, ಇದರ ಫಲಿತಾಂಶವನ್ನು ನೋಡಿಯೇ ಹೊರಡಬೇಕು. ನಮ್ಮ ಕಡೆ ಉಂಡೆ ಕೊಬ್ಬರಿಯಾಗುವ ಬಗೆ ಎಲ್ಲರಿಗೂ ಗೊತ್ತು, ಬಲಿತ ಕಾಯಿಯನ್ನು ಮಟ್ಟೆಯ ಸಮೇತ ಅಟ್ಟಕ್ಕೆ ಏರಿಸಿ ವರ್ಷಕಾಲ ಮರೆತುಬಿಡುವುದು, ಕೆಳಗಿನಿಂದ ಒಲೆಯ ಶಾಖ, ಮೇಲಿನಿಂದ ಹೆಂಚಿನ ಶಾಖ, ಒಳಗಿನ ನೀರು ತನ್ನಷ್ಟಕ್ಕೆ ಇಂಗಿ ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗುತ್ತದೆ, ಆಯಿತೋ ಇಲ್ಲವೋ ತಿಳಿಯಬೇಕಾದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ನೀರಿದ್ದರೆ ಕುಲುಕುಲು, ಆಗಿದ್ದರೆ ಗಡಗಡ. ಕಿವಿಯಿಂದ ಕೇಳುವುದು ಅಳತೆಯಲ್ಲ ಎಂದು ನಾನು ಹೋದ ವರ್ಷ ವಾದಿಸಿದೆ, ಒಂದೇ ಮರದ, ಒಂದೇ ಕೊಯ್ಲಿನ ಕಾಯಿಗಳನ್ನು ಎರಡು ಸಾಲು ಮಾಡಿದೆ, ಒಂದು ಸಾಲನ್ನು ಹೋಲಿಕೆಗೆಂದು ಹಾಗೆಯೇ ಬಿಟ್ಟೆ, ಇನ್ನೊಂದಕ್ಕೆ ಕೆಂಪು ಬಣ್ಣದ ಗುರುತು ಹಾಕಿ, ತೊಟ್ಟಿನ ಕಡೆ ಮಟ್ಟೆ ಬಿಡಿಸಿ, ಮೆತ್ತನೆಯ ಕಣ್ಣನ್ನು ದಬ್ಬಳದಿಂದ ಚುಚ್ಚಿ, ಸಣ್ಣ ತಂತಿ ಇಳಿಸಿ ನೀರಿನ ಮಟ್ಟ ನೋಡಿ, ತೂತಿಗೆ ಮೇಣದಬತ್ತಿಯ ಮೇಣ ತುಂಬಿ ಮುಚ್ಚಿದೆ, ತಿಂಗಳಿಗೊಮ್ಮೆ ಮೇಣ ತೆಗೆದು ನೋಡಿ ಮತ್ತೆ ಮುಚ್ಚುವುದು, ನೀರು ಇಂಗುವ ಗತಿಯ ಒಂದು ನಕ್ಷೆ ತಯಾರಿಸುವುದು, ಉದ್ದೇಶ ಅಷ್ಟೇ ಇತ್ತು. ಅನಂತರ ಬೆಂಗಳೂರು, ಅನಂತರ ಪಟ್ಟಿ, ಅನಂತರ ಬಲಕ್ಕೆ ವಾಲಿದ ಮುಖ ಹೊತ್ತು ಹೊರಗೆ ಹೋಗಲಾರದ ದಿನಗಳು, ಅಟ್ಟದಲ್ಲಿ ಗಾಜಿಲ್ಲ, ಕತ್ತಲೆ, ನನಗೆ ಅಲ್ಲಿ ನೆಮ್ಮದಿಯಿತ್ತು, ಏಣಿ ಹತ್ತಿದಾಗಲೆಲ್ಲ ಒಂದೆರಡು ಕಾಯಿಯ ಮೇಣ ತೆಗೆದು ನೋಡುತ್ತಿದ್ದೆ, ತಿಂಗಳಿಗೊಮ್ಮೆ ನೋಡಬೇಕಾದದ್ದನ್ನು ವಾರಕ್ಕೊಮ್ಮೆ, ಕೊನೆಕೊನೆಗೆ ದಿನವೂ, ಟಾರ್ಚಿನ ಬೆಳಕಿನಲ್ಲಿ ಆ ಸಣ್ಣ ತೂತು ಒದ್ದೆಯಾಗಿ ನನ್ನನ್ನೇ ನೋಡುತ್ತಿತ್ತು, ಸರಿಯಾಗಿದೆ ಎನಿಸಿದರೆ ಮುಚ್ಚುತ್ತಿದ್ದೆ, ಏಣಿಯ ಅರ್ಧದಲ್ಲಿ ಸಂದೇಹ ಬಂದು ತಿರುಗಿ ಹತ್ತುತ್ತಿದ್ದೆ.

ಕಡೆಗೆ ಕೆಂಪಿನವನ್ನೂ ಬಿಟ್ಟು ಕೆಂಚಪ್ಪ ಕೆಳಗಿಳಿದಿದ್ದಾನೆ, ಅಂಗಳದಲ್ಲಿ ಹಾರೆ ನೆಟ್ಟು ಹೋಲಿಕೆಯ ಸಾಲನ್ನು ಸುಲಿಯುತ್ತಿದ್ದಾನೆ, ಮಟ್ಟೆ ಬಿರಿದು ಬರುತ್ತಿದೆ, ಅಪ್ಪ ಕತ್ತಿಯ ಬೆನ್ನಿನಿಂದ ಚಿಪ್ಪನ್ನು ಸುತ್ತಲೂ ತಟ್ಟಿ ಬಿಡಿಸುತ್ತಿದ್ದಾರೆ, ಕಂದು ಉಂಡೆಗಳು ಗೋಣಿಯ ಮೇಲೆ ಉರುಳುತ್ತಿವೆ, ಒಂದಕ್ಕೂ ಕಲೆಯಿಲ್ಲ, ಎಣ್ಣೆಯ ಸಿಹಿ ವಾಸನೆ, ಅಕ್ಕ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಜಗಲಿಯಲ್ಲಿ ನಿಂತಿದ್ದಾಳೆ, ಬಾಗಿಲಲ್ಲಿ ಜಟಕಾ ಬಂದು ನಿಂತು ಕುದುರೆ ಗೊರಸು ಕೆರೆಯುತ್ತಿದೆ, ಸ್ನಾನ ಇನ್ನೂ ಆಗಿಲ್ಲ, ಕ್ರಮ ತಪ್ಪಿದೆ, ಇರಲಿ, ಈಗ ಕೆಂಪಿನವು. ಮೊದಲನೆಯದನ್ನು ಅಪ್ಪ ಅಲ್ಲಾಡಿಸಿದರು, ಗಡಗಡವೂ ಇಲ್ಲ, ಕುಲುಕುಲುವೂ ಇಲ್ಲ, ತಟ್ಟಿದರು, ಚಿಪ್ಪು ಎರಡಾಯಿತು, ವಾಸನೆ ಅಂಗಳ ತುಂಬಿತು, ಅಕ್ಕ ಸೆರಗಿನಿಂದ ಮಗುವಿನ ಮುಖ ಮುಚ್ಚಿದಳು, ತಿರುಳೆಲ್ಲ ಕರಗಿ ಕಪ್ಪು ಲೋಳೆ, ಎರಡನೆಯದೂ ಹಾಗೆಯೇ, ಮೂರನೆಯದೂ, ಸಾಲು ಮುಗಿಯುವ ತನಕ ಹಾಗೆಯೇ, ಥೂ, ಸತ್ತ ಇಲಿ ವಾಸ್ನೆ ಕಣ್ರೀ ಎಂದು ಕೆಂಚಪ್ಪ ಮೂಗು ಮುಚ್ಚಿಕೊಂಡ, ಹೋಗ್ಲಿ ಬುಡು, ಒಂದು ಸಾಲು ತಾನೆ ಎಂದರು ಅಪ್ಪ, ನನ್ನ ಕಡೆ ನೋಡದೆ ಕೈ ಒರೆಸಿಕೊಂಡು, ಜಟಕಾ ಕಾಯ್ತಾ ಐತೆ, ಹೊರಡಲ್ವೇನಯ್ಯ. ಹೊರಡಬೇಕು. ಮೇಣ ಸಾಲದಾಯಿತೇ, ಇಲ್ಲ, ಮೇಣ ಗಟ್ಟಿಯಾಗಿತ್ತು, ಮರದ ದೋಷವೇ, ಎರಡು ಸಾಲಿಗೂ ಮರ ಒಂದೇ, ಅಟ್ಟದ ಜಾಗವೇ, ಸಾಲುಗಳು ಅಕ್ಕಪಕ್ಕವೇ ಇದ್ದವು, ಹಾಗಾದರೆ ಚುಚ್ಚಿದ್ದೇ ಕಾರಣ, ಒಮ್ಮೆ ಕಬ್ಬಿಣ ಸೋಕಿದ ಮೇಲೆ ಮುಗಿಯಿತು, ಒಮ್ಮೆ ಕತ್ತಿ ಸೋಕಿದ ಮುಖವೂ ಮುಗಿಯಿತು, ಇನ್ನು ಮತ್ತೆ ಮತ್ತೆ ಸರಿಪಡಿಸುತ್ತಲೇ ಇರಬೇಕು, ಪೆಟ್ಟಿಗೆ ಎಲ್ಲಿ, ಅಮ್ಮಾ, ಪೆಟ್ಟಿಗೆ ಎಲ್ಲಿಟ್ಟೆ — ತಡೀರಿ ತಡೀರಿ, ಇನ್ನೊಂದೈತೆ ಎಂದು ಮತ್ತೆ ಅಟ್ಟ ಹತ್ತಿದ್ದ ಕೆಂಚಪ್ಪ ಕಿಂಡಿಯಿಂದ ತಲೆ ಹಾಕಿದ, ತೊಲೆ ಹಿಂದಕ್ಕೆ ಉರುಳ್ಕೊಂಡು ಸಿಕ್ಕಾಕ್ಕೊಂಡಿತ್ತು, ನಿಮ್ಮ ಕೆಂಪಿಂದೇ, ಅದು ಬಿತ್ತು, ಉರುಳಿ ನನ್ನ ಕಾಲಿನ ಹತ್ತಿರ ನಿಂತಿತು.

ನಾನು ಕುಕ್ಕರಗಾಲಿನಲ್ಲಿ ಕೂತು ಅದನ್ನು ಎತ್ತಿಕೊಂಡಿದ್ದೇನೆ, ಇದರ ನೆನಪು ಬರುತ್ತಿದೆ, ಚುಚ್ಚಿ ಮೇಣ ತುಂಬಿಟ್ಟ ಮೊದಲ ದಿನವೇ ಕೈ ಜಾರಿ ತೊಲೆಯ ಹಿಂದಕ್ಕೆ ಉರುಳಿತ್ತು, ತೋಳು ಚಾಚಿದರೂ ಎಟುಕಲಿಲ್ಲ, ಹಾಳಾಗಲಿ ಎಂದು ಬಿಟ್ಟಿದ್ದೆ, ಅಲ್ಲಿಗೆ ಇದನ್ನು ನಾನು ಒಮ್ಮೆಯೂ ತೆರೆದು ನೋಡಿಲ್ಲ, ಮೇಣ ಅಂದು ಹೇಗೆ ತುಂಬಿದ್ದೆನೋ ಹಾಗೆಯೇ ಇದೆ, ಅದರ ಮೇಲೆ ವರ್ಷದ ಮಸಿ ಕೂತಿದೆ, ಸುತ್ತ ಒದ್ದೆಯಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ, ಗಡಗಡ, ಅಪ್ಪ ಸದ್ದು ಕೇಳಿ ತಿರುಗಿದರು, ಕೊಡಯ್ಯ ಇಲ್ಲಿ ಎಂದರು, ನಾನು ಕೊಡಲಿಲ್ಲ, ಕತ್ತಿ ಇಸಿದುಕೊಂಡು ಮಟ್ಟೆ ಹರಿದು ನಾನೇ ತಟ್ಟಿದೆ, ಸುತ್ತಲೂ, ಮೆಲ್ಲಗೆ, ಚಿಪ್ಪು ಬಿಟ್ಟಿತು, ಇಡೀ ಉಂಡೆ ಅಂಗೈಗೆ ಬಂತು, ಇಷ್ಟಲಿಂಗವನ್ನು ಹಿಡಿಯುವ ಹಾಗೆ ಹಿಡಿದಿದ್ದೇನೆ, ಇದರ ಮೈ ಹೊಳೆಯುವುದಿಲ್ಲ, ಇದರಲ್ಲಿ ಯಾರ ಮುಖವೂ ಕಾಣುವುದಿಲ್ಲ, ದಬ್ಬಳ ಹೊಕ್ಕಿದ್ದ ಜಾಗದಲ್ಲಿ ಒಂದು ಸಣ್ಣ ಒಣಕಲೆ ಮಾತ್ರ, ಬೆರಳಾಡಿಸಿದರೆ ತಿಳಿಯದಷ್ಟು. ಒಳ್ಳೇ ಸರಕು ಎಂದರು ಅಪ್ಪ, ವಾಸನೆ ನೋಡಿ. ತೋಟದ ಬೇಲಿಯ ಆಚೆ ರೈಲಿನ ಕೂಗು ಕೇಳಿತು, ತಿಪಟೂರು ಬಿಟ್ಟ ಬೆಂಗಳೂರಿನ ಗಾಡಿ ಕರಡಿ ಸ್ಟೇಷನ್ನಿನ ಕಡೆಗೆ ಹೋಗುತ್ತಿದೆ, ಹೊಗೆ ತೆಂಗಿನ ಗರಿಗಳ ನಡುವೆ ನಿಂತಿದೆ, ಅಮ್ಮ ಜಟಕಾದವನಿಗೆ ಏನನ್ನೋ ಹೇಳಿ ಕಳಿಸುತ್ತಿದ್ದಾಳೆ, ಅಕ್ಕ ಮಗುವನ್ನು ನನ್ನ ಪಕ್ಕದಲ್ಲಿ ಇಳಿಸಿದಳು, ಮಗು ನನ್ನ ಮುಖಕ್ಕೆ ಕೈ ಹಾಕುತ್ತಿದೆ, ನಾನು ಏಳುತ್ತಿಲ್ಲ, ಒಂದು ಕಾಯಿ ಪುರಾವೆಗೆ ಸಾಲದು, ಗೊತ್ತು, ನಾಳಿದ್ದು ಸೋಮವಾರ, ಮನಸ್ಸಿನ ಡಾಕ್ಟರು ಬನ್ನಿ ಎಂದ ವಾರ, ಅದೂ ಗೊತ್ತು, ಆದರೂ ಕಂಡದ್ದನ್ನು ಕಂಡ ಹಾಗೆ ಹೇಳಬೇಕು, ಮಸಿ ಕೂತ ಮೇಣ, ಮೇಣದ ಕೆಳಗೆ ಒಣಗಿದ ಕಣ್ಣು, ಒಣಗಿದ ಕಣ್ಣು: ಚುಚ್ಚಿದ ಕಾಯಿಗಳಲ್ಲಿ, ಮತ್ತೆ ತೆರೆದು ನೋಡದೆ ಬಿಟ್ಟದ್ದೊಂದೇ ಕೊಬ್ಬರಿಯಾಗಿದೆ.